ಹಸಿಯಿಂದ ಹಸಿರಿನವರೆಗೆ

ಹಸಿರು ಇಂಧನ, ಹಸಿರು ನಿಶಾನೆ, ಹಸಿರು ಶಾಲು, ಹಸಿರು ಪಟಾಕಿ: ಈ ನಾಲ್ಕೂ ಸುದ್ದಿಯ ತಲೆಬರಹಗಳಲ್ಲಿ ಪದೇ ಪದೇ ಕಾಣುವ ಮಾತುಗಳು. ಇಂಧನದಲ್ಲಿ ಹಸಿರೆಂದರೆ ಗಾಳಿ ಕೆಡಿಸದ್ದು, ಪಟಾಕಿಯಲ್ಲಿ ತುಸು ಕಡಿಮೆ ಕೆಡಿಸುವುದು. ನಿಶಾನೆಯಲ್ಲಿ ಅದು ಒಪ್ಪಿಗೆ, ಶಾಲಿನಲ್ಲಿ ರೈತ. ಇವುಗಳಲ್ಲಿ ಬಣ್ಣ ಎಂದೂ ತಪ್ಪದೆ ಕಣ್ಣಿಗೆ ಬೀಳುವುದು ಶಾಲಿನಲ್ಲಿ ಮಾತ್ರ. ಒಂದು ಪದ ಇಷ್ಟು ಕೆಲಸಗಳನ್ನು ಹೊತ್ತದ್ದು ಹೇಗೆಂದು ತಿಳಿಯಲು ಅದರ ಬೇರಿನವರೆಗೆ ಹೋಗಬೇಕಾಗುತ್ತದೆ.

ಹಳಗನ್ನಡದಲ್ಲಿ ಇದು 'ಪಸಿರ್' ಅಥವಾ 'ಪಸುರ್'. ಪಾಲು ಹಾಲಾದಂತೆ, ಪೂ ಹೂವಾದಂತೆ, ನಡುಗನ್ನಡದ ಹೊತ್ತಿಗೆ ಪಸಿರು ಹಸಿರಾಯಿತು. ಅದರ ಒಡಹುಟ್ಟು 'ಪಸಿ', ಅಂದರೆ ಇಂದಿನ 'ಹಸಿ'. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮನೋ 1961ರಲ್ಲಿ ಪ್ರಕಟಿಸಿದ, ಪದಗಳ ಮೂಲ ಹುಡುಕುವ ದ್ರಾವಿಡ ನಿಷ್ಪತ್ತಿ ಕೋಶವು ಈ ಎರಡನ್ನೂ ಒಂದೇ ಕುಟುಂಬದಲ್ಲಿ ಇರಿಸುತ್ತದೆ. ಬೇಯದ್ದು, ಒಣಗದ್ದು, ಮಾಗದ್ದು, ಎಳೆಯದು ಎಂಬ ಅರ್ಥಗಳೂ ಎಲೆಯ ಬಣ್ಣವೂ ಇಲ್ಲಿ ಒಂದೇ ಬೇರಿನವು.

ಈ ನಂಟನ್ನು ನಾವು ಮರೆತಿದ್ದರೂ ನಾಲಿಗೆ ಮರೆತಿಲ್ಲ. ಹಸಿಮೆಣಸಿನಕಾಯಿ ಹಸಿರಾಗಿಯೇ ಇರುತ್ತದೆ, ಆದರೆ ಹಸಿ ಶುಂಠಿ ಹಸಿರಲ್ಲ. ಅದು ಒಣಗಿಲ್ಲ, ಅಷ್ಟೆ. ಹಸಿ ಗಾಯ ಇನ್ನೂ ಮಾಯದ ಗಾಯ. ಹಸುಗೂಸಿನ 'ಹಸು'ವಿಗೂ ಕೊಟ್ಟಿಗೆಯ ಹಸುವಿಗೂ ಸಂಬಂಧವಿಲ್ಲ, ಅದು ಎಳೆತನವನ್ನು ಹೇಳುವ ಮಾತು. ಪಚ್ಚೆ ಕರ್ಪೂರದ ಒಂದು ಹರಳನ್ನು ಅಂಗೈಯಲ್ಲಿಟ್ಟು ನೋಡಿದರೆ ಅದು ಬೆಳ್ಳಗಿರುತ್ತದೆ. ಅಲ್ಲಿ 'ಪಚ್ಚೆ' ಎಂದರೆ ಹಸಿ, ಸಂಸ್ಕರಿಸದ್ದು. ಅದೇ ಪಚ್ಚೆ ಉಂಗುರದಲ್ಲಿ ಕೂತಾಗ ಹಸಿರು ರತ್ನ. ಚರ್ಮದ ಮೇಲೆ ನೀಲಿಗೂ ಹಸಿರಿಗೂ ನಡುವಿನ ಬಣ್ಣದಲ್ಲಿ ಉಳಿಯುವ 'ಹಚ್ಚೆ'ಯೂ ಇದೇ ಪಚ್ಚೆ; ಪಕಾರ ಕಳೆದುಕೊಂಡು ಬಂದಿದೆ, ಅಷ್ಟೇ ವ್ಯತ್ಯಾಸ.

ನೆರೆಯ ತೆಲುಗಿನಲ್ಲಿ ಈ ಬೇರು ಇನ್ನೊಂದು ದಿಕ್ಕಿಗೂ ಚಾಚಿದೆ. ಅಲ್ಲಿ 'ಪಚ್ಚ' ಎಂದರೆ ಹಸಿರೂ ಹೌದು, ಹಳದಿಯೂ ಹೌದು, ಅರಿಸಿನವು 'ಪಸುಪು'. ಗೊಂದಲವಾದಾಗ ಹಸಿರನ್ನು 'ಆಕುಪಚ್ಚ', ಎಂದರೆ ಎಲೆಪಚ್ಚೆ, ಎಂದು ಬಿಡಿಸಿ ಹೇಳುತ್ತಾರೆ. ಸಂಸ್ಕೃತದ 'ಹರಿ'ಯೂ ಹಸಿರು, ಹಳದಿ ಎರಡನ್ನೂ ಸೂಚಿಸುತ್ತದೆ. ಅದೇ ಮೂಲದ 'ಹರಿದ್ರಾ' ಪ್ರಾಕೃತದ ದಾರಿಯಲ್ಲಿ ಬಂದು ನಮ್ಮ 'ಹಳದಿ'ಯಾಗಿದೆ. ಹಸಿರು 'ಹರಿತ'ದಿಂದ ಬಂದದ್ದೆಂದು ಊಹಿಸುವವರು ನಮ್ಮ ಹಕಾರದ ಹಿಂದೆ ಪಕಾರವಿದ್ದದ್ದನ್ನು ಗಮನಿಸಿರುವುದಿಲ್ಲ. ತಮಿಳಿನ 'ಪಚ್ಚೈ' ಇಂದಿಗೂ ಅದನ್ನು ಉಳಿಸಿಕೊಂಡಿದೆ. ಇಂಗ್ಲಿಷಿನ 'ಗ್ರೀನ್' ಬೆಳೆಯುವುದೆಂಬ ಅರ್ಥದ 'ಗ್ರೋ' ಜೊತೆ ಹುಟ್ಟಿದ ಪದ ಎಂಬುದನ್ನು ನೋಡಿದರೆ, ದೂರದ ಭಾಷೆಗಳೂ ಈ ಬಣ್ಣವನ್ನು ಚಿಗುರಿನಲ್ಲೇ ಕಂಡಿವೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪದ ಎಲೆಯನ್ನು ಬಿಟ್ಟು ಘೋಷಣೆಗೆ, ಅಲ್ಲಿಂದ ಕಾನೂನಿಗೆ, ಅಲ್ಲಿಂದ ಜಾಹೀರಾತಿಗೆ ನಡೆಯಿತು. 1968ರಲ್ಲಿ ಅಮೆರಿಕದ ಅಧಿಕಾರಿ ವಿಲಿಯಂ ಗಾಡ್ ಭಾಷಣವೊಂದರಲ್ಲಿ ಬಳಸಿದ ಮಾತು ಕನ್ನಡದಲ್ಲಿ 'ಹಸಿರು ಕ್ರಾಂತಿ'ಯಾಯಿತು. ಸೋವಿಯತ್ತಿನ ಕೆಂಪು ಕ್ರಾಂತಿಗೆ ಎದುರಾಗಿ ಆಡಿದ ಮಾತದು; ಅದರ ಒಡಲಲ್ಲಿದ್ದದ್ದು ಹೊಸ ತಳಿ, ನೀರಾವರಿ, ರಾಸಾಯನಿಕ ಗೊಬ್ಬರ. 1980ರಲ್ಲಿ ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಗುರುತು ಹಸಿರು ಶಾಲು. 2010ರಲ್ಲಿ ಪರಿಸರದ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಂತು. ಹೀಗೆ ಗೊಬ್ಬರ ಸುರಿದ ಕ್ರಾಂತಿಯೂ ಹಸಿರು, ಆ ಗೊಬ್ಬರವೇ ಬೇಡವೆನ್ನುವ ಕೃಷಿಯೂ ಹಸಿರು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯಲ್ಲಿ ಹೈಡ್ರೋಜನ್ ಕೂಡ ಹಸಿರಾಯಿತು. ಆ ಅನಿಲಕ್ಕೆ ಬಣ್ಣವೇ ಇಲ್ಲ, ಹಸಿರೆಂಬುದು ಅದನ್ನು ತಯಾರಿಸುವ ವಿದ್ಯುತ್ತಿನ ಮೂಲವನ್ನು ಹೇಳುತ್ತದೆ. ಅರ್ಥ ಹಿಗ್ಗುವುದು ಭಾಷೆಯ ಸಹಜ ಗುಣವೇ ಆದರೂ, ಎಲ್ಲದರ ಹಿಂದೆಯೂ ಸಲೀಸಾಗಿ ಕೂರುವ ವಿಶೇಷಣ ಏನನ್ನು ವಿಶೇಷಿಸುತ್ತದೆ ಎಂದು ಕೇಳುವ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಿಮೆಯಾಗಿದೆ.

ಇದರ ನಡುವೆ, ಯಾರೂ ಉದ್ದೇಶಿಸದೆ, ಹಳೆಯ ನಂಟೊಂದು ಮರಳಿ ಕೂಡಿದೆ. ಕಸ ವಿಂಗಡಣೆಯ ಈಗಿನ ನಿಯಮದಂತೆ ಒಣ ಕಸ ನೀಲಿ ಬುಟ್ಟಿಗೆ ಹೋಗುತ್ತದೆ. ತರಕಾರಿ ಸಿಪ್ಪೆ, ಉಳಿದ ಅನ್ನ, ಬಾಡಿದ ಹೂವು ಸೇರಿದ ಹಸಿ ಕಸಕ್ಕೆ ಗೊತ್ತುಮಾಡಿರುವುದು ಹಸಿರು ಬುಟ್ಟಿ.