ಲಿಂಬೆಯ ಹಳದಿ ಚಿಗುರು: ಚೀನಾದಿಂದ ಫ್ಲಾರಿಡಾವರೆಗೆ

ಮಂಗಳೂರು, ಉಡುಪಿಯ ಹಿತ್ತಿಲಲ್ಲಿ ಲಿಂಬೆ ಗಿಡ ಹಳದಿಯಾದರೆ ಮೊದಲು ಗೊಬ್ಬರ ಬೀಳುತ್ತದೆ, ಆಮೇಲೆ ಅಡಿಕೆಗೆ ಹೊಡೆದು ಮಿಕ್ಕ, ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣ. ಅದು ಗ್ರೀನಿಂಗ್ ರೋಗವಾಗಿದ್ದರೆ ಎರಡೂ ವ್ಯರ್ಥ. ಇದರ ಬ್ಯಾಕ್ಟೀರಿಯಾ ಇರುವುದು ಎಲೆಯ ಸಕ್ಕರೆಯನ್ನು ಬೇರಿಗೆ ಸಾಗಿಸುವ ನಾಳದೊಳಗೆ. ನಾಳ ಕಟ್ಟಿಕೊಂಡಾಗ ಎಲೆಯಲ್ಲಿ ಪಿಷ್ಟ ತುಂಬುತ್ತದೆ, ಬೇರು ಹಸಿದು ಸಾಯುತ್ತದೆ. ಎಲೆಯ ಮೇಲೆ ಕೂತ ಮೈಲುತುತ್ತ ಅಲ್ಲಿಗೆ ತಲುಪುವುದಿಲ್ಲ.

ದಕ್ಷಿಣ ಚೀನಾದವರು ಇದನ್ನು ಹುವಾಂಗ್‌ಲಾಂಗ್‌ಬಿಂಗ್ ಎಂದರು, ಹಳದಿ ಚಿಗುರಿನ ರೋಗವೆಂದು ಅರ್ಥ. ಕಸಿಯ ಕಡ್ಡಿಯಿಂದ ರೋಗ ದಾಟುತ್ತದೆಂದು 1956ರಲ್ಲಿ ಚೀನಾದ ವಿಜ್ಞಾನಿ ಲಿನ್ ಕುಂಗ್ ಶಿಯಾಂಗ್ ತೋರಿಸಿದರು. ಚಿಗುರಿನ ರಸ ಹೀರುವ ಸಿಲ್ಲಾ ಕೀಟವೂ ಅದನ್ನು ಹೊತ್ತೊಯ್ಯುತ್ತದೆಂದು ಭಾರತದ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದರು. ಇಷ್ಟೆಲ್ಲ ತಿಳಿದ ಮೇಲೂ ಅಮೆರಿಕದ ಫ್ಲಾರಿಡಾ ಸೋತಿತು. ಅಲ್ಲಿ 1998ರಲ್ಲಿ ಕೀಟ ಸಿಕ್ಕಿತು, 2005ರಲ್ಲಿ ರೋಗ. ನಡುವಿನ ವರ್ಷಗಳಲ್ಲಿ ಅಂಗಡಿಗಳಲ್ಲಿ ಮಾರಿದ ಅಲಂಕಾರದ ಕಾಮಿನಿ ಗಿಡಗಳ ಮೇಲೆ ಕೂತೇ ಕೀಟ ಊರೂರು ಸೇರಿತ್ತು. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ 2022-23ರಲ್ಲಿ ಸುಮಾರು 1.6 ಕೋಟಿಗೆ ಇಳಿಯಿತು. ದೂರಕ್ಕೆ ರೋಗ ಒಯ್ದದ್ದು ಕೀಟದ ರೆಕ್ಕೆಗಿಂತ ಹೆಚ್ಚಾಗಿ ಮನುಷ್ಯರು ಸಾಗಿಸಿದ ಗಿಡ.

ನಮ್ಮಲ್ಲಿ ಕಾಮಿನಿಯ ಜೊತೆಗೆ ಬಾವಿಕಟ್ಟೆ ಬದಿಯ ಕರಿಬೇವೂ ಈ ಕೀಟದ ತವರು. ಎಳೆ ಚಿಗುರನ್ನು ಬಿಡಿಸಿ ನೋಡಿ: ಹಳದಿ ಮರಿಗಳು, ಅವುಗಳ ಹಿಂದೆ ಬಿಳಿ ಮೇಣದ ಎಳೆಗಳು. 3-4 ಮಿಲಿಮೀಟರಿನ ಬೆಳೆದ ಕೀಟ ತಲೆ ತಗ್ಗಿಸಿ, ಬೆನ್ನು ಎತ್ತಿ ಓರೆಯಾಗಿ ಕೂರುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕರಗಲು ತುಸು ಸೋಪು; ಹೊಡೆಯಬೇಕಾದದ್ದು ಚಿಗುರೊಡೆಯುವಾಗ. ಎಲೆ ಬಲಿತ ಮೇಲೆ ಹೊಡೆದರೆ ತಡವಾಯಿತು, ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ ಮಾತ್ರ.

ಸತುವಿನ ಕೊರತೆಯೂ ಹಳದಿಯೇ, ಆದರೆ ನಡುನರದ ಎರಡೂ ಬದಿಗೆ ಒಂದೇ ತೆರನಾಗಿರುತ್ತದೆ. ನರದ ಎಡಬಲದಲ್ಲಿ ಎದುರುಬದುರು ಪೆನ್ನಿನಿಂದ ವೃತ್ತ ಬರೆಯಿರಿ. ಒಂದರೊಳಗೆ ಹಸಿರು, ಇನ್ನೊಂದರೊಳಗೆ ಹಳದಿ ಕಂಡರೆ ಗ್ರೀನಿಂಗ್ ಅನುಮಾನ ಬಲವಾಗಬೇಕು. ಕಾಯಿ ಸೊಟ್ಟಗಿದ್ದು, ಬೀಜ ಕಂದಿ ಜೊಳ್ಳಾಗಿದ್ದರೆ ಇನ್ನೂ ಬಲ. ಖಚಿತವಾಗುವುದು ಪ್ರಯೋಗಾಲಯದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ.

ಮಳೆ ಹಿಡಿಯುವಾಗ ಕಸಿಗಿಡ ಕೊಳ್ಳುವವರು ಎಲೆಯ ಹಸಿರನ್ನು ನಂಬಬಾರದು. ಸೋಂಕಿದ ಗಿಡ ತಿಂಗಳುಗಟ್ಟಲೆ ಚೆನ್ನಾಗೇ ಕಾಣುತ್ತದೆ. ಕಡ್ಡಿ ಯಾವ ತಾಯಿಮರದ್ದು, ಅದರ ಪರೀಕ್ಷೆ ಆಗಿದೆಯೇ ಎಂದು ಕೇಳಿ. ರೋಗ ಖಚಿತವಾದ ಮರಕ್ಕೆ ಮದ್ದಿಲ್ಲ, ತೆಗೆಯಲೇಬೇಕು. ಮೊದಲು ಕೀಟನಾಶಕ ಹೊಡೆದು ಆಮೇಲೆ ಕಡಿಯಿರಿ, ಇಲ್ಲವಾದರೆ ಅದರಲ್ಲಿದ್ದ ಕೀಟ ಪಕ್ಕದ ಗಿಡಕ್ಕೆ ಹಾರುತ್ತದೆ. ಬುಡವನ್ನೂ ಬೇರುಸಮೇತ ಕೀಳಿ. ಉಳಿದ ಬೇರಿನಿಂದ ಬರುವ ಚಿಗುರಿನಲ್ಲೂ ರೋಗವಿರುತ್ತದೆ.