20 ಸುತ್ತು ಟೇಪ್ ಹಾಕಿದರೂ ನಳ ಯಾಕೆ ಸೋರುತ್ತದೆ?

“ಹೊಸಾ ನಳ ಕೂಡ್ರಿಸೀನ್ರಿ. ಇಪ್ಪತ್ತ್ ಸುತ್ತ ಟೇಪ್ ಹಾಕೀನಿ. ಆದ್ರೂ ಸೋರಾಕತ್ತೈತಿ. ಇನ್ನೂ ಜಾಸ್ತಿ ಹಾಕ್ಲೇನ್ರಿ?”

ಬಾಗಲಕೋಟೆಯ ನವನಗರದಲ್ಲಿ ನಮ್ಮ ಪೈಪಿನ ಅಂಗಡಿ ಇದೆ. ಈ ಪ್ರಶ್ನೆಗೆ ವಾರದಲ್ಲಿ ನಾಲ್ಕು ಸಲವಾದರೂ ಉತ್ತರ ಹೇಳುತ್ತೇನೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಉತ್ತರ ಇಷ್ಟೇ: ಇನ್ನೂ ಹಾಕಬೇಡಿ. ಹಾಕಿದ್ದನ್ನೂ ಪೂರ್ತಿ ಬಿಚ್ಚಿ.

ನಳದ ತುದಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಜಾಸ್ತಿಯಾದಷ್ಟೂ ಸೋರುವುದು ಕಡಿಮೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮನೆಯವರಷ್ಟೇ ಅಲ್ಲ, ಕೆಲಸಕ್ಕೆ ಬರುವ ಹುಡುಗರೂ ಅರ್ಧ ರೋಲ್ ಖಾಲಿ ಮಾಡಿ ಹೋಗುತ್ತಾರೆ. ಆದರೆ ನೀರು ನಿಲ್ಲಿಸುವ ದೊಡ್ಡ ಕೆಲಸ ಥ್ರೆಡ್ಡಿನದು, ಅಂದರೆ ತಿರುಗಿಸಿ ಕೂಡ್ರಿಸುವ ತುದಿಯಲ್ಲಿರುವ ಸುರುಳಿ ಗೆರೆಗಳದು. ಜಿಐ ಪೈಪಿನ (ಸತುವಿನ ಲೇಪ ಇರುವ ಕಬ್ಬಿಣದ ಪೈಪು) ತುದಿಯ ಥ್ರೆಡ್ ನೋಡಿ, ಅದು ನೇರ ಇಲ್ಲ, ಓರೆ ಇದೆ. ತುದಿಯಿಂದ 16 ಮಿಮೀ ಹಿಂದೆ ಬಂದರೆ ದಪ್ಪ 1 ಮಿಮೀ ಹೆಚ್ಚಾಗುತ್ತದೆ. ಹಾಗಾಗಿ ತಿರುಗಿಸಿದಷ್ಟೂ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ. ಎಷ್ಟು ಬಿಗಿಯಾದರೂ ಎರಡು ಥ್ರೆಡ್ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಆ ಸಂದು ಸುರುಳಿ ಸುರುಳಿಯಾಗಿ ಒಳಗಿನಿಂದ ಹೊರಗಿನ ತನಕ ಬರುತ್ತದೆ. ಟೇಪ್ ಮುಚ್ಚುವುದು ಆ ದಾರಿಯನ್ನು. ಇನ್ನೊಂದು ಕೆಲಸ, ಜಾರಿಸುವುದು. ಟೆಫ್ಲಾನ್ ಅಂದರೆ 1938ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ವಸ್ತು, ದೋಸೆ ಅಂಟದ ನಾನ್‌ಸ್ಟಿಕ್ ತವಾದ ಮೇಲೆ ಇರುವುದೂ ಅದೇ. ಅದು ಜಾರಿಸುವುದರಿಂದ ನಳ ಇನ್ನೊಂದೆರಡು ಥ್ರೆಡ್ ಒಳಗೆ ಹೋಗುತ್ತದೆ. ಒಳಗೆ ಹೋದದ್ದೇ ಲಾಭ.

20 ಸುತ್ತು ಹಾಕಿದಾಗ ಇದರ ಉಲ್ಟಾ ಆಗುತ್ತದೆ. ಕಳೆದ ವಾರ ಒಬ್ಬ ಅಕ್ಕಾರು ಪ್ಲಾಸ್ಟಿಕ್ ಎಲ್ಬೋ (ಪೈಪು ತಿರುಗುವಲ್ಲಿ ಹಾಕುವ ಮೊಣಕೈ ಆಕಾರದ ತುಂಡು) ತಂದು ಕೌಂಟರ್ ಮೇಲೆ ಇಟ್ಟರು. ಬಾಯಿಯಿಂದ ಉದ್ದಕ್ಕೆ ಒಂದು ಸೀಳು, ಉಗುರು ಹೋಗುವಷ್ಟು. ಒಳಗೆ ಟೇಪ್ ಮುದ್ದೆಯಾಗಿತ್ತು. ಸೂಜಿಯಿಂದ ಎಳೆಯುತ್ತಾ ಹೋದೆ, ಒಂದು ಮೀಟರಿಗೂ ಜಾಸ್ತಿ ಬಂತು. ಅದೆಲ್ಲ ತೆಗೆದ ಮೇಲೆ ನೋಡಿದರೆ ಒಳಗಿನ ಥ್ರೆಡ್ಡಿನಲ್ಲಿ ಮೊದಲ ಮೂರರ ಮೇಲೆ ಮಾತ್ರ ನಳ ಕೂತ ಗುರುತು. ಕೈಗೆ ಬಿಗಿ ಅನಿಸಿದ್ದು ಟೇಪಿನ ದಪ್ಪ. ಅದರ ಮೇಲೆ ಪಾನಾ (ಸ್ಪ್ಯಾನರ್) ಹಾಕಿ ಒತ್ತಿದಾಗ ಆ ದಪ್ಪ ಒಳಗಿನಿಂದ ತಳ್ಳಿ ಪ್ಲಾಸ್ಟಿಕ್ಕನ್ನು ಸೀಳಿದೆ. ಗೋಡೆಯೊಳಗಿನ ಎಲ್ಬೋ ಅದು. ಟೈಲ್ಸ್ ಒಡೆದು ತೆಗೆದಿದ್ದಾರೆ. ಅದಕ್ಕೇ ನಳ ಬರುವ ಜಾಗದಲ್ಲಿ ಹಿತ್ತಾಳೆ ಥ್ರೆಡ್ ಇರುವ ಎಲ್ಬೋನೇ ಹಾಕಿಸಿ ಅಂತ ನಾನು ಎಲ್ಲರಿಗೂ ಹೇಳುವುದು.

ಇನ್ನು ನೀರಿನ ಒತ್ತಡಕ್ಕೆ ಹೆದರಿ ಜಾಸ್ತಿ ಸುತ್ತುವವರು ಲೆಕ್ಕ ಹಾಕಿ ನೋಡಿ. ಟ್ಯಾಂಕು ನಳಕ್ಕಿಂತ 10 ಮೀಟರ್ ಮೇಲಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಒಂದಂತಸ್ತಿನ ಮನೆಯ ನಳಕ್ಕೆ ಅದರ ಅರ್ಧವೂ ಬರುವುದಿಲ್ಲ. ಅಷ್ಟನ್ನು ತಡೆಯಲು ಅರ್ಧ ರೋಲ್ ಬೇಕಾ?

ಸರಿಯಾದ ಕ್ರಮ ಹೇಳುತ್ತೇನೆ, ಒಮ್ಮೆ ಕೈಯಲ್ಲಿ ಹಿಡಿದು ಮಾಡಿ. ಹಳೆ ಟೇಪ್ ಪೂರ್ತಿ ತೆಗೆಯಿರಿ. ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಥ್ರೆಡ್ಡಿನೊಳಗೆ ಬಿಳಿ ಉಪ್ಪು ಕಲ್ಲಿನ ಹಾಗೆ ಕಟ್ಟಿರುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಥ್ರೆಡ್ಡಿನ ತುದಿ ನಿಮ್ಮ ಮುಖದ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ನಳ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಬಾಯಲ್ಲೇ ಗುಡ್ಡೆಯಾಗುತ್ತದೆ. ಸೋರುವ ನಳ ಬಿಚ್ಚಿದಾಗ ನನಗೆ ಹೆಚ್ಚಾಗಿ ಕಾಣುವ ತಪ್ಪು ಇದೇ. ಮೊದಲ ಥ್ರೆಡ್ ಖಾಲಿ ಬಿಡಿ, ಅದು ದಾರಿ ಹಿಡಿಯಲಿ, ಟೇಪಿನ ಚೂರು ನೀರಿಗೆ ಬೀಳದಿರಲಿ. ಎಳೆದು ಹಿಡಿದೇ ಸುತ್ತಬೇಕು. ಟೇಪಿನ ಮೇಲೆ ಥ್ರೆಡ್ಡಿನ ಗೆರೆ ಎದ್ದು ಕಾಣಬೇಕು. ತೆಳು ಟೇಪ್ ಆದರೆ 5ರಿಂದ 7 ಸುತ್ತು, ದಪ್ಪದ್ದಾದರೆ 3 ಅಥವಾ 4. ಆಮೇಲೆ ಎಳೆದು ಹರಿದು, ಹೆಬ್ಬೆರಳಿನಿಂದ ಒತ್ತಿ ಕೂಡ್ರಿಸಿ.

ಕೈಯಿಂದ ಎಷ್ಟು ಬರುತ್ತದೋ ಅಷ್ಟು ತಿರುಗಿಸಿ, ನಂತರ ಪಾನಾದಿಂದ ಒಂದೆರಡು ಸುತ್ತು. ಪ್ಲಾಸ್ಟಿಕ್ಕಿಗೆ ಒಂದೇ ಸಾಕು. ನಳದ ಮೂತಿ ಸ್ವಲ್ಪ ಮುಂದೆ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಹಿಂದೆ ಬಂದರೆ ಒತ್ತಿ ಕೂತ ಟೇಪ್ ಬಿಟ್ಟುಕೊಳ್ಳುತ್ತದೆ. ಬಿಚ್ಚಿ, ಹೊಸ ಟೇಪ್ ಹಾಕಿ, ಮತ್ತೆ ಶುರು ಮಾಡಿ. ರಬ್ಬರ್ ವಾಷರ್ ಇರುವ ಕನೆಕ್ಷನ್ ಪೈಪಿಗೆ ಟೇಪೇ ಬೇಡ, ಅಲ್ಲಿ ನೀರು ತಡೆಯುವುದು ವಾಷರ್.

ಟೇಪ್ ಸರಿ ಸುತ್ತಿಯೂ ನಳ ಕೂರದಿದ್ದರೆ ಸೈಜೇ ತಪ್ಪಿರಬಹುದು. ಇದನ್ನು ಯಾರೂ ಕೇಳುವುದಿಲ್ಲ, ಆದರೆ ದಿನಾ ನೋಡುತ್ತೇನೆ. ಮನೆಯಲ್ಲಿ ಸ್ಕೇಲ್ ಇಟ್ಟು ಥ್ರೆಡ್ ಅಳೆದು, “21 ಮಿಮೀ ಐತ್ರಿ, ಮುಕ್ಕಾಲಿಂಚಿಂದು ಕೊಡ್ರಿ” ಅನ್ನುತ್ತಾರೆ. ಒಯ್ದು, ಸಂಜೆ ವಾಪಸ್ ತರುತ್ತಾರೆ. ಯಾಕೆಂದರೆ ಆ 21 ಮಿಮೀ ಇದ್ದದ್ದೇ ಅರ್ಧ ಇಂಚಿನ ಥ್ರೆಡ್. ಮುಕ್ಕಾಲು ಇಂಚಿನದು ಹೊರಗಿನಿಂದ 26 ಮಿಮೀ ದಾಟುತ್ತದೆ, ಒಂದು ಇಂಚಿನದು 33. ಈ ಹೆಸರು ಬಂದದ್ದು ಹಿಂದಿನ ಕಬ್ಬಿಣದ ಪೈಪಿನ ಒಳಗಿನ ರಂಧ್ರದ ಅಂದಾಜಿನಿಂದ, ಹೊರಗಿನ ದಪ್ಪದಿಂದಲ್ಲ. ಕಬ್ಬಿನ ಹೊಲಕ್ಕೆ ಎಳೆಯುವ ಪಿವಿಸಿ ಪೈಪಿನ ಲೆಕ್ಕವೇ ಬೇರೆ. ಅಲ್ಲಿ 63, 75, 90 ಅನ್ನುವುದು ಹೊರಗಿನ ಅಳತೆಯೇ, ಅದೂ ಮಿಲಿಮೀಟರಿನಲ್ಲಿ. ಸ್ಕೇಲ್ ಮನೆಯಲ್ಲಿಡಿ. ಬಿಚ್ಚಿದ ಹಳೆ ನಳವನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ, ಅಂಗಡಿಯಲ್ಲೇ ತಿರುಗಿಸಿ ನೋಡಿ ಕೊಡುತ್ತೇನೆ.