ಮಾಜಿ ಮುಖ್ಯಮಂತ್ರಿಗೆ ಕಂಪನಿಯಲ್ಲಿ ಏನು ಕೆಲಸ?

ಕಳೆದ ತಿಂಗಳು ಹಳೇ ಕ್ಲೈಂಟ್ ಒಬ್ಬರು ಆಫೀಸಿಗೆ ಬಂದಿದ್ದರು. ಪೀಣ್ಯದಲ್ಲಿ ಅವರ ಫ್ಯಾಕ್ಟರಿ ಇದೆ. "ಮೇಡಂ, ಒಬ್ಬರು ಮಾಜಿ ಮಂತ್ರಿಗಳನ್ನ ಬೋರ್ಡಿಗೆ ತಗೋಬೇಕು ಅಂತಿದೀವಿ. ಪೇಪರ್ ರೆಡಿ ಮಾಡಿಕೊಡಿ" ಅಂದರು. ಕಂಪನಿ ಸೆಕ್ರೆಟರಿಗೆ ಇದು ದೊಡ್ಡ ಕೆಲಸವೇನಲ್ಲ. ಡಿಐಆರ್-2 ಒಪ್ಪಿಗೆ ಪತ್ರ, ಡಿಐಎನ್ ಅನ್ನುವ ಡೈರೆಕ್ಟರ್ ಗುರುತಿನ ಸಂಖ್ಯೆ, ಡಿಜಿಟಲ್ ಸಹಿ, ಬೇರೆ ಯಾವ ಕಂಪನಿಯಲ್ಲಿ ಪಾಲಿದೆ ಎಂಬ ಘೋಷಣೆ, ಅಷ್ಟೇ. ಆದರೆ ಫಾರಂ ತೆಗೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅವರಿಗೆ ಕೆಲಸ ಏನು?

ಹಾಗೆ ಕೇಳುವಾಗೆಲ್ಲ ನನಗೆ ಜರ್ಮನಿಯ ಇಬ್ಬರು ನೆನಪಾಗುತ್ತಾರೆ. ಇಬ್ಬರೂ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು, ಇಬ್ಬರದೂ ಒಂದೇ ಪಕ್ಷ, ಸಿಡಿಯು. ಕುರ್ಚಿ ಬಿಟ್ಟ ಮೇಲೆ ಇಬ್ಬರೂ ದೊಡ್ಡ ಕಂಪನಿಯ ಮುಖ್ಯಸ್ಥರಾದರು. ಒಬ್ಬರು 12 ವರ್ಷ ನಿಂತರು. ಇನ್ನೊಬ್ಬರು ಮೂರೇ ವರ್ಷಕ್ಕೆ ಮನೆಗೆ ಹೋದರು.

ಮೊದಲನೆಯವರು ಲೋಥರ್ ಶ್ಪೇಟ್. ಬಾಡೆನ್-ವುರ್ಟೆಂಬರ್ಗ್ ರಾಜ್ಯವನ್ನು 1978ರಿಂದ ಆಳಿದವರು. ಬೆನ್ಸ್ ಕಾರಿನ ಊರು ಸ್ಟುಟ್‌ಗಾರ್ಟ್ ಅದರ ರಾಜಧಾನಿ. ಅಲ್ಲಿನ ಆಡುಮಾತಿನಲ್ಲಿ ಜನ ಅವರಿಗೆ 'ಕ್ಲೆವರ್‌ಲೆ' ಅಂತ ಅಡ್ಡಹೆಸರು ಇಟ್ಟಿದ್ದರು. ನಮ್ಮಲ್ಲಾದರೆ 'ಜಾಣಮರಿ' ಅನ್ನಬಹುದು. ಆದರೆ ಜಾಣಮರಿಯೂ ಜಾರಿತು. ಕಂಪನಿಗಳ ದುಡ್ಡಿನಲ್ಲಿ ವಿಮಾನ ಹತ್ತಿದ್ದು, ರಜೆ ಕಳೆದದ್ದು ಬಯಲಿಗೆ ಬಂದು 1991ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು.

ಅದೇ ವರ್ಷ ಜೂನ್‌ನಲ್ಲಿ ಅವರು ಪೂರ್ವ ಜರ್ಮನಿಯ ಯೇನಾ ಎಂಬ ಊರಿನಲ್ಲಿದ್ದರು. ಲಕ್ಷದ ಆಸುಪಾಸು ಜನಸಂಖ್ಯೆ. ಕಾರ್ಲ್ ಝೈಸ್ 1846ರಲ್ಲಿ ತನ್ನ ಅಂಗಡಿ ತೆರೆದದ್ದು ಅಲ್ಲೇ. ಕನ್ನಡಕದ ಗಾಜಿನಿಂದ ಹಿಡಿದು ಮೈಕ್ರೋಸ್ಕೋಪಿನವರೆಗೆ ಝೈಸ್ ಹೆಸರು ನೀವೂ ನೋಡಿರುತ್ತೀರಿ. ನಮ್ಮ ನೆಹರು ತಾರಾಲಯದ ಗುಮ್ಮಟದಲ್ಲಿ ನಕ್ಷತ್ರ ಮೂಡಿಸುವ ಯಂತ್ರವೂ ಅವರದ್ದೇ. 1945ರಲ್ಲಿ ಅಮೆರಿಕನ್ನರು ಯೇನಾವನ್ನು ರಷ್ಯನ್ನರಿಗೆ ಬಿಟ್ಟುಕೊಡುವ ಮೊದಲು ಝೈಸ್‌ನ ತಜ್ಞರನ್ನು ಕರೆದುಕೊಂಡು ಪಶ್ಚಿಮಕ್ಕೆ ಹೋದರು. ಅವರು ಓಬರ್‌ಕೋಖನ್‌ನಲ್ಲಿ ಇನ್ನೊಂದು ಝೈಸ್ ಕಟ್ಟಿದರು. ಒಂದು ಮನೆ ಎರಡು ಪಾಲಾಯಿತು. ಓಬರ್‌ಕೋಖನ್ ಇರುವುದು ಎಲ್ಲಿ ಅಂತೀರಿ? ಶ್ಪೇಟ್ ಆಳಿದ ರಾಜ್ಯದಲ್ಲೇ.

ಜರ್ಮನಿ ಒಂದಾದಾಗ ಯೇನಾದ ಸರ್ಕಾರಿ ಕಾರ್ಖಾನೆ ಕುಸಿಯಿತು. ರಷ್ಯಾ ಕಡೆಯ ಗಿರಾಕಿಗಳಿಗೆ ಇನ್ನು ಜರ್ಮನಿಯ ಆಗಿನ ಹಣವಾದ ಮಾರ್ಕ್‌ನಲ್ಲಿ ದುಡ್ಡು ಕೊಡುವ ತಾಕತ್ತು ಇರಲಿಲ್ಲ. ಪಾಲು ಮಾಡಿದಾಗ ಲೆನ್ಸಿನ ಮುಖ್ಯ ವ್ಯವಹಾರದ ಹಿಡಿತ ಓಬರ್‌ಕೋಖನ್‌ಗೆ ಹೋಯಿತು. ಉಳಿದದ್ದೆಲ್ಲ, ಅಂದರೆ ಯಾರಿಗೂ ಬೇಡದ ವಿಭಾಗ, ಕಟ್ಟಡ, ಜನ, ಯೆನಾಪ್ಟಿಕ್ ಎಂಬ ಹೊಸ ಕಂಪನಿಗೆ ಬಂತು. ಮಾಲೀಕರು ಥುರಿಂಜಿಯಾ ರಾಜ್ಯ ಸರ್ಕಾರ. ಮುಖ್ಯಸ್ಥರು ಶ್ಪೇಟ್.

ಅವರು ಮಾಡಿದ್ದೇನು? ಪೂರ್ವದ ಸರ್ಕಾರಿ ಕಂಪನಿಗಳ ವಿಲೇವಾರಿಗೆ ಟ್ರಾಯ್‌ಹ್ಯಾಂಡ್ ಎಂಬ ಸಂಸ್ಥೆ ಇತ್ತು. ಅದೂ ಸೇರಿ ಸರ್ಕಾರದ ಕಡೆಯಿಂದ ಯೇನಾಕ್ಕೆ ಬಂದ ದುಡ್ಡು ಸುಮಾರು 360 ಕೋಟಿ ಮಾರ್ಕ್. ಸುಮಾರು 16 ಸಾವಿರ ಜನರ ಕೆಲಸ ಹೋಯಿತು. ಅಷ್ಟು ಸಣ್ಣ ಊರಲ್ಲಿ 16 ಸಾವಿರ ಅಂದರೆ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು. ಊರ ನಡುವಿನ ಹಳೇ ಕಾರ್ಖಾನೆಯ ಜಾಗದಲ್ಲಿ ಗಾಜಿನ ಮಾಡಿನ ಕೆಳಗೆ ಅಂಗಡಿ ಸಾಲು ಬಂತು, ಪಕ್ಕದಲ್ಲೇ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂತು. 1994ರಲ್ಲಿ ಸ್ಟುಟ್‌ಗಾರ್ಟಿನ ಮೈಸ್ನರ್-ವುರ್ಸ್ಟ್ ಕಂಪನಿಯನ್ನು ಕೊಂಡರು. ಚಿಪ್ ಫ್ಯಾಕ್ಟರಿಗಳಿಗೆ ಧೂಳಿಲ್ಲದ ಕೋಣೆ ಕಟ್ಟುವವರು ಅವರು. 1998ರಲ್ಲಿ ಯೆನಾಪ್ಟಿಕ್ ಷೇರು ಮಾರುಕಟ್ಟೆಗೆ ಬಂತು. 2003ರಲ್ಲಿ ಶ್ಪೇಟ್ ಕುರ್ಚಿ ಬಿಟ್ಟುಕೊಟ್ಟರು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸರ್ಕಾರದಿಂದ ದುಡ್ಡು ತರುವುದು, ಕೆಲಸ ಕಳೆದುಕೊಂಡವರಿರುವ ಊರಲ್ಲೇ ತಲೆ ಎತ್ತಿ ಓಡಾಡುವುದು, ನಗರಸಭೆ, ವಿಶ್ವವಿದ್ಯಾಲಯ, ಬಿಲ್ಡರ್ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವುದು. ಇದೆಲ್ಲ ಮುಖ್ಯಮಂತ್ರಿಯ ದಿನನಿತ್ಯದ ಕೆಲಸ, ಅಲ್ವಾ? ಅಪ್ಪಟ ವ್ಯಾಪಾರದ ತೀರ್ಮಾನ ಅಂದರೆ ಆ ಖರೀದಿ. ಅದರಿಂದ ವಹಿವಾಟು ಉಬ್ಬಿತು. ಆದರೆ ಚಿಪ್ ಮಾರುಕಟ್ಟೆ ಏರಿದಾಗ ಏರಿ, ಇಳಿದಾಗ ಇಳಿಯುವ ವ್ಯವಹಾರ ಅದು. ಶ್ಪೇಟ್ ಹೋದ ಕೆಲವೇ ವರ್ಷಕ್ಕೆ ಕಂಪನಿ ಅದನ್ನು ಮಾರಿಬಿಟ್ಟಿತು.

ಇಲ್ಲಿ ನನ್ನದೇ ಒಂದು ಅನುಭವ. ಒಂದು ಬೋರ್ಡಿನಲ್ಲಿ ಮಾಜಿ ರಾಜಕಾರಣಿಯೊಬ್ಬರು ಇದ್ದರು. ಮೊದಲ ಮೀಟಿಂಗಿನಲ್ಲಿ ಗಿರಾಕಿಗಳ ಬಾಕಿ ಪಟ್ಟಿ ಮುಂದಿಟ್ಟೆವು. ಆರು ತಿಂಗಳು ದಾಟಿದ ಬಾಕಿಯೇ ಜಾಸ್ತಿ ಇತ್ತು. ಅವರು ಕನ್ನಡಕ ತೆಗೆದು, "ಯಾರಿಗೆ ಫೋನ್ ಮಾಡ್ಬೇಕು ಹೇಳಿ" ಅಂದರು. ಯಾರೂ ಮಾತಾಡಲಿಲ್ಲ. ನಾನು ಮಿನಿಟ್ಸ್‌ನಲ್ಲಿ 'ಚರ್ಚಿಸಲಾಯಿತು' ಅಂತ ಬರೆದೆ. ಅದೇ ಮನುಷ್ಯ, ಮುಂದಿನ ವರ್ಷ ಗೇಟಿನ ಹೊರಗೆ ಕಾರ್ಮಿಕರು ಧರಣಿ ಕೂತಾಗ, ಟೀ ಅಂಗಡಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಅವರ ಜೊತೆ ಕೂತಿದ್ದರು. ಎಂ.ಡಿ. ಒಮ್ಮೆಯೂ ಮಾಡದ ಕೆಲಸ. ಸಂಜೆ ಧರಣಿ ಎದ್ದಿತು. ಅದನ್ನು ಮಿನಿಟ್ಸ್‌ನಲ್ಲಿ ಹೇಗೆ ಬರೆಯುವುದು ಅಂತ ಗೊತ್ತಾಗಲಿಲ್ಲ.

ಎರಡನೆಯವರು ರೋಲಂಡ್ ಕೊಖ್. 1999ರಿಂದ 2010ರವರೆಗೆ ಹೆಸ್ಸೆ ರಾಜ್ಯದ ಮುಖ್ಯಮಂತ್ರಿ. 2011ರ ಜುಲೈನಲ್ಲಿ ಮಾನ್‌ಹೈಮ್‌ನ ಬಿಲ್ಫಿಂಗರ್ ಬರ್ಗರ್ ಎಂಬ ದೊಡ್ಡ ನಿರ್ಮಾಣ ಕಂಪನಿಯ ಮುಖ್ಯಸ್ಥರಾದರು. ಗಲಾಟೆ ಮೊದಲೇ ಶುರುವಾಗಿತ್ತು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ ದೊಡ್ಡದಾಗಲೇಬೇಕು ಎಂದು ಹಟ ಹಿಡಿದವರು ಕೊಖ್. ಅಲ್ಲಿನ ಹೊಸ ರನ್‌ವೇಯ ಕೆಲಸ ಸಿಕ್ಕಿದ್ದು ಇದೇ ಕಂಪನಿಗೆ. ಇಂಥದ್ದಕ್ಕೇ ಕೆಲವು ಕಡೆ ಕಾಯುವ ಅವಧಿ ಇಡುತ್ತಾರೆ. ನಮ್ಮಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಒಂದು ವರ್ಷದೊಳಗೆ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಅವರಿಗೆ ಆದೇಶ ಕೊಡುತ್ತಿದ್ದ ಮಂತ್ರಿಗೆ ಬೇಡ. ನನಗಂತೂ ಇದು ಯಾವತ್ತೂ ಅರ್ಥವಾಗಿಲ್ಲ.

ಆದರೆ ಕೊಖ್ ಬಿದ್ದದ್ದು ಆ ಗಲಾಟೆಯಿಂದಲ್ಲ. ಕಟ್ಟುವ ಕೆಲಸ ಕಡಿಮೆ ಮಾಡಿ, ಕಾರ್ಖಾನೆ ಮತ್ತು ವಿದ್ಯುತ್ ಸ್ಥಾವರಗಳಿಗೆ ಸೇವೆ ಕೊಡುವ ಕಂಪನಿಯಾಗಬೇಕು ಎನ್ನುವ ಯೋಜನೆ ಇತ್ತು. ಅವರು ಬಂದ ವರ್ಷವೇ ಫುಕುಶಿಮಾ ದುರಂತದ ನಂತರ ಜರ್ಮನಿ ಅಣುಸ್ಥಾವರಗಳನ್ನು ಮುಚ್ಚತೊಡಗಿತು. ಮೊದಲು ಮುಚ್ಚಿದವುಗಳಲ್ಲಿ ಹೆಸ್ಸೆಯ ಬಿಬ್ಲಿಸ್ ಕೂಡ ಒಂದು. ವಿದ್ಯುತ್ ಕಂಪನಿಗಳು ಖರ್ಚು ಹಿಡಿದವು, ಆರ್ಡರ್ ಇಳಿಯಿತು. 2014ರಲ್ಲಿ ಐದಾರು ವಾರದೊಳಗೆ ಎರಡು ಸಲ, ಈ ವರ್ಷ ಹೇಳಿದಷ್ಟು ಲಾಭ ಬರುವುದಿಲ್ಲ ಎಂದು ಪ್ರಕಟಿಸಬೇಕಾಯಿತು. ಆಗಸ್ಟ್‌ನಲ್ಲಿ ಕೊಖ್ ಹೊರನಡೆದರು. ಅವರ ಹಿಂದಿನ ಮುಖ್ಯಸ್ಥರನ್ನೇ ತಾತ್ಕಾಲಿಕವಾಗಿ ಮತ್ತೆ ಕರೆಸಿದರು.

ಸರ್ಕಾರದಲ್ಲಿ ಬಜೆಟ್ ಅಂದಾಜು ತಪ್ಪಿದರೆ ಏನಾಗುತ್ತದೆ? ಪೂರಕ ಅಂದಾಜು ಮಂಡಿಸುತ್ತಾರೆ. ವಿರೋಧ ಪಕ್ಷ ಕೂಗುತ್ತದೆ, ಬಹುಮತ ಇದ್ದರೆ ಪಾಸ್ ಆಗುತ್ತದೆ. ಷೇರು ಮಾರುಕಟ್ಟೆಯಲ್ಲಿ ಪೂರಕ ಅಂದಾಜಿಗೆ ಮತ ಹಾಕುವವರಿಲ್ಲ. ಷೇರು ಮಾರಿ ಹೋಗುತ್ತಾರೆ, ಅಷ್ಟೇ. ಯೇನಾದಲ್ಲಿ ಮೊದಲ ಏಳು ವರ್ಷ ಮಾರುಕಟ್ಟೆಯೇ ಇರಲಿಲ್ಲ. ಮಾಲೀಕರೂ ಸರ್ಕಾರ, ಸಮಸ್ಯೆಯೂ ಸರ್ಕಾರಿ. ಕೊಖ್ ಜಾಣರಲ್ಲ ಅಂತಲ್ಲ. ಶ್ಪೇಟ್‌ಗೆ ಸಿಕ್ಕಿದ ಕೆಲಸ ಅವರಿಗೆ ಸಿಗಲಿಲ್ಲ.

ಪೀಣ್ಯದವರಿಗೆ ಇಷ್ಟೆಲ್ಲ ಹೇಳಲಿಲ್ಲ. ಕೆಲಸ ಏನು ಅಂತ ಮಾತ್ರ ಕೇಳಿದೆ. "ಕೆಲಸ ಏನಿಲ್ಲ ಮೇಡಂ, ಸುಮ್ನೆ ಹೆಸರಿಗೆ" ಅಂದರು. ಹೆಸರಿಗೆ ಮಾತ್ರ ಡೈರೆಕ್ಟರ್ ಅನ್ನುವ ವರ್ಗ 2013ರ ಕಂಪನಿ ಕಾಯ್ದೆಯಲ್ಲಿ ಇಲ್ಲ, ಸಹಿ ಹಾಕಿದ ಮೇಲೆ ಹೊಣೆಯೂ ಬರುತ್ತದೆ ಅಂದೆ. 12 ತಿಂಗಳ ಎಲ್ಲ ಬೋರ್ಡ್ ಮೀಟಿಂಗಿಗೂ ಗೈರಾದರೆ ಕುರ್ಚಿ ತಾನಾಗಿಯೇ ಹೋಗುತ್ತದೆ ಅಂತಲೂ ಸೇರಿಸಿದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಅವರನ್ನೇ ಒಂದ್ಸಲ ಕೇಳಿ ಬರ್ತೀನಿ" ಅಂದು ಎದ್ದರು. ಡಿಐಆರ್-2 ಫಾರಂ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ.